ಇಪ್ಪತ್ತೆಂಟರ ಲೆಕ್ಕ

ಕಾರ್ತಿಕ ಮಾಸದ ಒಂದು ಭಾನುವಾರ, ಬೆಳಿಗ್ಗೆ ಏಳೂವರೆ. ಸೂಳೆಕೆರೆಯ ಏರಿಯ ಹತ್ತಿರ ಎರಡು ಸೈಕಲ್ಲುಗಳು ನಿಂತಿವೆ. ಒಂದು ಕಪ್ಪು ಹರ್ಕ್ಯುಲಿಸ್. ರಾಡ್ ಬ್ರೇಕು, ಚೈನ್ ಕವರು, ಡೈನಮೋ, ಹಿಂದೆ ಎರಡು ಮೂಟೆ ತಡೆಯುವ ಕ್ಯಾರಿಯರ್. ಸ್ಟ್ಯಾಂಡ್ ಹಾಕಿ ನೆಟ್ಟಗೆ ನಿಲ್ಲಿಸಿದ್ದಾರೆ. ಇನ್ನೊಂದಕ್ಕೆ ಸ್ಟ್ಯಾಂಡೂ ಇಲ್ಲ, ಮಡ್‌ಗಾರ್ಡೂ ಇಲ್ಲ. ಬಾಗಿದ ಹ್ಯಾಂಡಲ್ಲು, ತೆಳುವಾದ ಚಕ್ರ. ಅದನ್ನು ಕಲ್ಲಿಗೆ ಒರಗಿಸಿ, ಮುಂದಿನ ಚಕ್ರ ಬಿಚ್ಚಿಕೊಂಡು ಇಬ್ಬರು ಕೂತಿದ್ದಾರೆ.

ಹರ್ಕ್ಯುಲಿಸ್ಸಿನ ಯಜಮಾನರಿಗೆ ಅರವತ್ತೆಂಟು. ಜಗಳೂರಿನಲ್ಲಿ ನಲವತ್ತು ವರ್ಷ ಸೈಕಲ್ ಶಾಪ್ ನಡೆಸಿ, ಈಗ ಚನ್ನಗಿರಿಯಲ್ಲಿ ಮಗನ ಮನೆ ಸೇರಿದ್ದಾರೆ. ತೆಳು ಚಕ್ರದ ಸೈಕಲ್ಲು ಅವರ ಅಕ್ಕನ ಮಗಳದು. ನ್ಯಾಮತಿ ಕಡೆಯ ಹಳ್ಳಿಯಲ್ಲಿ ಬೆಳೆದವಳು, ಹೊನ್ನಾಳಿಯಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತಾಳೆ. ತಿಂಗಳಿಗೊಂದು ಭಾನುವಾರ ಅವಳು ಹೊನ್ನಾಳಿಯಿಂದ, ಅವರು ಚನ್ನಗಿರಿಯಿಂದ ಸೈಕಲ್ ತುಳಿದು ಇಲ್ಲಿ ಸೇರುವುದು ರೂಢಿ. ಇವತ್ತು ಅವಳು ಬರುವಾಗ ಮುಂದಿನ ಚಕ್ರದಲ್ಲಿ ಅರ್ಧ ಗಾಳಿ ಇರಲಿಲ್ಲ.

"ಹೋದ ಭಾನುವಾರ ಜಗಳೂರು ರಸ್ತೇಲಿ ಪಂಚರ್ ಆಗಿತ್ತು ಮಾವ. ಹೊಸ ಟ್ಯೂಬು ಹಾಕಿದ್ದೆ. ಮತ್ತೆ ಇಳಿದಿದೆ."

"ಟ್ಯೂಬು ಬದಲಾಯಿಸಿದೆ, ಸರಿ. ಟೈರಿನೊಳಗೆ ಬೆರಳಾಡಿಸಿದ್ಯಾ?"

"ನೋಡಿದೆ. ಏನೂ ಕಾಣಲಿಲ್ಲ."

"ಜಾಲಿ ಮುಳ್ಳು ಕಣ್ಣಿಗೆ ಕಾಣಲ್ಲ ತಾಯಿ."

ಮಾವ ಹೆಗಲ ಮೇಲಿನ ಟವೆಲ್ಲಿನ ಅಂಚು ಹಿಡಿದು ಟೈರಿನ ಒಳಮೈಯಲ್ಲಿ ನಿಧಾನವಾಗಿ ಎಳೆಯುತ್ತಾ ಬಂದರು. ಮುಕ್ಕಾಲು ಸುತ್ತು ಬರುವಷ್ಟರಲ್ಲಿ ಬಟ್ಟೆಯ ಒಂದು ನೂಲು ಸಿಕ್ಕಿಕೊಂಡಿತು. ಅಲ್ಲಿಗೆ ಟೈರನ್ನು ಮಡಚಿ ಹಿಡಿದು, ಪಿನ್ನಿನಿಂದ ಒಳಗಿನಿಂದಲೇ ತಳ್ಳಿದರು. ಅಕ್ಕಿ ನುಚ್ಚಿಗಿಂತ ಸಣ್ಣದಾದ ಕಂದು ಚೂರು ಹೊರಬಂತು. ಮುಳ್ಳಿನ ಬುಡ ರಸ್ತೆಯಲ್ಲೇ ಮುರಿದು ಉದುರಿದೆ, ತುದಿ ರಬ್ಬರಿನಲ್ಲಿ ಉಳಿದಿದೆ. ಗಾಳಿ ತುಂಬಿದಾಗಲೆಲ್ಲ ಹೊಸ ಟ್ಯೂಬನ್ನು ಚುಚ್ಚುತ್ತಾ ಬಂದಿದೆ.

"ಹೊರಗಿಂದ ಕೀಳೋಕೆ ಹೋದ್ರೆ ಇನ್ನೂ ಒಳಗೆ ಹೋಗುತ್ತೆ. ಯಾವಾಗ್ಲೂ ಒಳಗಿಂದ ಹೊರಕ್ಕೆ" ಅಂದರು. ಆ ಚೂರನ್ನು ಎಸೆಯಲಿಲ್ಲ. ಬೀಡಿ ಕಟ್ಟಿನ ಕಾಗದದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡರು.

ಜಗಳೂರಿನ ಸೈಕಲ್ ಶಾಪಿನವರಿಗೆ ಹೊಟ್ಟೆ ತುಂಬಿಸಿದ್ದೇ ಈ ಮುಳ್ಳು ಎನ್ನಬೇಕು. ಬಳ್ಳಾರಿ ಜಾಲಿ ನಮ್ಮ ನೆಲದ ಗಿಡವಲ್ಲ. ಅಮೆರಿಕ ಖಂಡದಿಂದ 19ನೇ ಶತಮಾನದಲ್ಲಿ ಇಲ್ಲಿಗೆ ಬಂದದ್ದು. ಸೌದೆಗಾಯಿತು, ಬೇಲಿಗಾಯಿತು, ಆಮೇಲೆ ಕೆರೆಯಂಗಳವನ್ನೂ ರಸ್ತೆಬದಿಯನ್ನೂ ಆವರಿಸಿಕೊಂಡಿತು. ಅದರ ಜೊತೆಗೆ ನೆಲಕ್ಕಂಟಿ ಹಬ್ಬುವ ನೆಗ್ಗಿಲು ಮುಳ್ಳು ಬೇರೆ. ದಾವಣಗೆರೆ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳು ಸೈಕಲ್ಲಿನ ಟೈರಿಗೆ ನಾಲ್ಕು ದೇಶಗಳಿದ್ದ ಹಾಗೆ. ನ್ಯಾಮತಿ ಅರೆಮಲೆನಾಡು, ಅಲ್ಲಿ ಮಳೆ, ಕೆಸರು. ಹೊನ್ನಾಳಿ ತುಂಗಭದ್ರೆಯ ದಡ, ಭತ್ತದ ಸೀಮೆ. ಚನ್ನಗಿರಿ ಅಡಿಕೆಯ ಊರು. ಜಗಳೂರು ಬಯಲು, ಬಿಸಿಲು, ಮುಳ್ಳು, ಗಾಳಿ.

ಟ್ಯೂಬಿಗೆ ಪ್ಯಾಚ್ ಹಾಕುವ ಮೊದಲು ಮಾವ ತಮ್ಮ ಚೀಲದಿಂದ ಒಂದು ಟೈರು ತೆಗೆದರು. "ಇದು ಹೊಸದು, ಇಟ್ಕೊ. ಇಪ್ಪತ್ತೆಂಟರದ್ದೇ. ನಿಂದೂ ಇಪ್ಪತ್ತೆಂಟು ಅಂದಿದ್ದೆಯಲ್ಲ?"

ಸೊಸೆ ಜೋರಾಗಿ ನಕ್ಕಳು. "ಮಾವ, ನಿಮ್ಮ ಇಪ್ಪತ್ತೆಂಟು ಇಂಚು. ಚಕ್ರದ ಎತ್ತರ. ನನ್ನ ಇಪ್ಪತ್ತೆಂಟು ಮಿಲಿಮೀಟರು. ಟೈರಿನ ಅಗಲ."

ಇದು ಅವರಿಬ್ಬರ ನಡುವಿನ ಗೊಂದಲ ಮಾತ್ರವಲ್ಲ, ಹೊಸದಾಗಿ ರೋಡ್ ಬೈಕ್ ಕೊಂಡ ಎಷ್ಟೋ ಜನರ ಗೊಂದಲ. ಹಾಲಿನವರು, ಪೇಪರಿನವರು, ಅಂಚೆಯವರು ತುಳಿದ ಸಾದಾ ಸೈಕಲ್ಲಿನ ಟೈರು 28 ಇಂಚು, ಒಂದೂವರೆ ಇಂಚು ಅಗಲ. ಅದು ಕೂರುವ ರಿಮ್ಮಿನ ವ್ಯಾಸ 635 ಮಿಲಿಮೀಟರು. ರೋಡ್ ಬೈಕಿನ ಟೈರಿಗೆ 700 ಎಂಬ ಹೆಸರಿದೆ, ಆದರೆ ಅದರ ರಿಮ್ಮು 622 ಮಿಲಿಮೀಟರಿನದು. ನೋಡುವುದಕ್ಕೆ ಎರಡೂ ಒಂದೇ ಎತ್ತರ. ನಡುವೆ ಇರುವುದು ಬರೀ 13 ಮಿಲಿಮೀಟರು. ಆ ಹದಿಮೂರರಿಂದಾಗಿ ಇದರ ಟೈರು ಅದಕ್ಕೆ ಕೂರದು. ಹೊನ್ನಾಳಿಯಲ್ಲಾಗಲಿ ನ್ಯಾಮತಿಯಲ್ಲಾಗಲಿ ಸಂಜೆ ಆರು ಗಂಟೆಗೆ ಟೈರು ಹರಿದರೆ ಪಕ್ಕದ ಅಂಗಡಿಯಲ್ಲಿ ಹತ್ತು ಟೈರು ತೂಗಾಡುತ್ತಿದ್ದರೂ ಒಂದೂ ಒದಗುವುದಿಲ್ಲ ಎಂಬುದು ಈ ಹವ್ಯಾಸಕ್ಕೆ ಇಳಿಯುವವರು ಮೊದಲು ತಿಳಿಯಬೇಕಾದ ಸಂಗತಿ. ಸೈಕಲ್ಲಿನ ಬೆಲೆ ಆಮೇಲೆ ಕೇಳಬಹುದು.

"ಇಷ್ಟು ಸಪೂರ ಯಾಕೆ ಬೇಕು? ಗುಂಡಿಗೆ ಬಿದ್ರೆ ರಿಮ್ಮು ಬೆಂಡಾಗಲ್ವಾ?"

"ಮೊದಲು ಇನ್ನೂ ಸಪೂರ ಇತ್ತು ಮಾವ. ಇಪ್ಪತ್ಮೂರು. ಅದನ್ನ ಕಲ್ಲಿನ ಥರ ಗಟ್ಟಿಯಾಗಿ ಗಾಳಿ ಹೊಡೆದು ಓಡಿಸ್ತಿದ್ವಿ. ಸಪೂರ ಇದ್ದಷ್ಟು, ಗಟ್ಟಿ ಇದ್ದಷ್ಟು ಜೋರು ಅಂತ ಎಲ್ಲರೂ ನಂಬಿದ್ರು."

"ಸುಳ್ಳಾ?"

"ನುಣ್ಣಗಿನ ನೆಲದ ಮೇಲೆ ನಿಜ. ನಮ್ಮ ರಸ್ತೆ ಮೇಲೆ ಸುಳ್ಳು. ಟೈರು ಕಲ್ಲಾದ್ರೆ ಪ್ರತಿ ಜಲ್ಲಿಗೂ ಸೈಕಲ್ಲು, ನಾನು ಎರಡೂ ಮೇಲಕ್ಕೆ ಎಗರ್ತೀವಿ. ಮುಂದಕ್ಕೆ ಹೋಗಬೇಕಾದ ಶಕ್ತಿ ಮೇಲಕ್ಕೆ ಹೋಗಿಬಿಡುತ್ತೆ. ಸ್ವಲ್ಪ ಅಗಲ, ಸ್ವಲ್ಪ ಮೆತ್ತಗೆ ಇದ್ರೆ ಟೈರೇ ಜಲ್ಲಿಯನ್ನ ನುಂಗಿಕೊಳ್ಳುತ್ತೆ. ಈಗ ಫ್ರಾನ್ಸಿನ ದೊಡ್ಡ ರೇಸಿನವರೇ ಇಪ್ಪತ್ತೆಂಟಕ್ಕೆ ಬಂದಿದ್ದಾರೆ, ಇನ್ನೂ ಅಗಲಕ್ಕೂ ಹೋಗಿದ್ದಾರೆ."

"ಅಂದ್ರೆ ಅವ್ರು ನಮ್ಮ ಕಡೆಗೆ ಬರ್ತಿದ್ದಾರೆ" ಎಂದ ಮಾವನ ಮುಖದಲ್ಲಿ ಸಣ್ಣ ಗೆಲುವು ಕಂಡಿತು. ಅದು ನ್ಯಾಯವಾದ ಗೆಲುವೇ. ಹರ್ಕ್ಯುಲಿಸ್ಸಿನ ದಪ್ಪ ಟೈರನ್ನು ಹಳೆಯ ಕಾಲದ ಅಜ್ಞಾನ ಎಂದುಕೊಂಡವರು ಮಣ್ಣಿನ ದಾರಿಯಲ್ಲಿ ಒಮ್ಮೆ ಅದನ್ನು ತುಳಿದು ನೋಡಬೇಕು.

ಪ್ಯಾಚು ಹಾಕುವ ಕೆಲಸ ನಡೆಯಿತು. ಉಪ್ಪುಕಾಗದದಿಂದ ಟ್ಯೂಬಿನ ಮೈ ಉಜ್ಜಿ, ಸೊಲ್ಯೂಷನ್ ಸವರಿ, ಅದು ಒಣಗುವವರೆಗೆ ಸುಮ್ಮನೆ ಕಾಯಬೇಕು. ಅವಸರ ಮಾಡಿ ಹಸಿಯಲ್ಲೇ ಅಂಟಿಸಿದರೆ ಎರಡು ಮೈಲಿಯೂ ಬಾಳುವುದಿಲ್ಲ. ಆ ಹೊತ್ತಿನಲ್ಲಿ ಮಾವ ತಮ್ಮ ಹಳೆಯ ಉಪಾಯ ಹೇಳಿದರು. ಜಗಳೂರಿನಲ್ಲಿ ಹಾಲು ಹಾಕುವವರ ಸೈಕಲ್ಲಿಗೆ ಅವರು ಹಳೆಯ ಟ್ಯೂಬನ್ನು ಸೀಳಿ ಪಟ್ಟಿ ಮಾಡಿ, ಟೈರಿಗೂ ಹೊಸ ಟ್ಯೂಬಿಗೂ ನಡುವೆ ಹಾಸಿ ಕೊಡುತ್ತಿದ್ದರಂತೆ. ಟೈರು ಹರಿದ ಕಡೆ ಹಳೇ ಟೈರಿನ ತುಂಡು ಇಟ್ಟರೆ ಅದಕ್ಕೆ ಗೇಟರ್ ಎಂದು ಹೆಸರು. ಸೊಸೆ ತನ್ನ ಟೈರಿನ ಪಕ್ಕದಲ್ಲಿ ಬರೆದದ್ದನ್ನು ತೋರಿಸಿದಳು: ಕಾಂಟಿನೆಂಟಲ್ ಗೇಟರ್‌ಸ್ಕಿನ್. "ನೋಡಿದ್ಯಾ, ಅವರೂ ಗೇಟರೇ ಹಾಕಿದ್ದಾರೆ" ಎಂದರು ಮಾವ. ಅಲ್ಲಿಯ ಗೇಟರ್ ಅಂದರೆ ಒಂದು ಜಾತಿಯ ಮೊಸಳೆ ಎಂದು ಅವಳು ಹೇಳಿದರೂ ಅವರು ಒಪ್ಪಲಿಲ್ಲ. ಕೆಲಸ ಮಾತ್ರ ಒಂದೇ: ಟೈರು ತಯಾರಿಸುವಾಗಲೇ ಒಳಗೆ ಗಟ್ಟಿ ನೂಲಿನ ಪದರವೊಂದನ್ನು ಸೇರಿಸಿರುತ್ತಾರೆ. ಟ್ಯೂಬೇ ಇಲ್ಲದೆ, ಟೈರಿನೊಳಗೆ ಹಾಲಿನಂಥ ಅಂಟು ದ್ರವ ಸುರಿದು, ತೂತನ್ನು ಅದೇ ಮುಚ್ಚಿಕೊಳ್ಳುವ ಹಾಗೆ ಮಾಡುವ ಪದ್ಧತಿಯೂ ಇದೆ. ಸಣ್ಣ ಮುಳ್ಳಿಗೆ ಅದು ಒಳ್ಳೆಯ ಮದ್ದು. ಆದರೆ ಜಗಳೂರಿನಂಥ ಬಿಸಿಲಿನಲ್ಲಿ ದ್ರವ ಬೇಗ ಒಣಗಿಬಿಡುತ್ತದೆ, ಎರಡು ಮೂರು ತಿಂಗಳಿಗೊಮ್ಮೆ ನೋಡಿ ಮತ್ತೆ ತುಂಬಬೇಕು.

ಗಾಳಿ ಹೊಡೆಯುವಾಗ ಮತ್ತೊಂದು ಅಡಚಣೆ. ಮಾವನ ಪಂಪಿನ ಬಾಯಿ ಅವಳ ವಾಲ್ವಿಗೆ ಹಿಡಿಯದು. ಸಾದಾ ಸೈಕಲ್ಲಿನ ವಾಲ್ವಿನಲ್ಲಿ ಒಂದು ಸಣ್ಣ ರಬ್ಬರು ನಳಿಕೆ ಇರುತ್ತದೆ. ಹಳ್ಳಿಯ ಹುಡುಗರಿಗೆಲ್ಲ ಗೊತ್ತಿರುವ ವಾಲ್‌ಟ್ಯೂಬು. ಅವಳದು ತೆಳ್ಳಗಿನ ಪ್ರೆಸ್ಟಾ ವಾಲ್ವು, ತುದಿಯ ತಿರುಪು ಬಿಚ್ಚಬೇಕು. ಸೊಸೆ ಸೀಟಿನ ಕೆಳಗಿನ ಪುಟ್ಟ ಚೀಲದಿಂದ ಜೋಳದ ಕಾಳಿಗಿಂತ ಸ್ವಲ್ಪ ದೊಡ್ಡದಾದ ಹಿತ್ತಾಳೆಯ ಬಿರಡೆ ತೆಗೆದು ಸಿಕ್ಕಿಸಿದಳು. ಅದಿದ್ದರೆ ಊರ ಪಂಚರ್ ಅಂಗಡಿಯ ಏರ್ ಕಂಪ್ರೆಸರಿನಿಂದಲೂ ಗಾಳಿ ಹಾಕಬಹುದು. ಸಾವಿರಗಟ್ಟಲೆ ಕೊಟ್ಟು ಕೊಳ್ಳುವ ಸಾಮಾನಿಗಿಂತ ಈ ಹಿತ್ತಾಳೆ ಚೂರು ನಮ್ಮ ಕಡೆ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಸೈಕಲ್ಲಿನ ಆಯ್ಕೆಯ ಮಾತು ಬಂದಾಗ ಮಾವ ಗೇರಿನ ಕಡೆ ಬೆರಳು ತೋರಿಸಿದರು. ಅವರ ಹರ್ಕ್ಯುಲಿಸ್ಸಿಗೆ ಮುಂದೆ 48 ಹಲ್ಲು, ಹಿಂದೆ 18. ಒಂದು ಸುತ್ತು ತುಳಿದರೆ ಚಕ್ರ ಎರಡೂ ಮುಕ್ಕಾಲು ಸುತ್ತಿಗೆ ಹತ್ತಿರ ತಿರುಗುತ್ತದೆ, ಏರಿನಲ್ಲೂ ಅಷ್ಟೇ, ಇಳಿಜಾರಿನಲ್ಲೂ ಅಷ್ಟೇ. ಏರು ಬಂದರೆ ಇಳಿದು ತಳ್ಳುವುದು. ಅವಳದರಲ್ಲಿ ಶಿಮಾನೋ ಸೋರಾ: ಮುಂದೆ ಎರಡು ಚಕ್ರ, 50 ಮತ್ತು 34; ಹಿಂದೆ ಒಂಬತ್ತು, 11ರಿಂದ 32ರವರೆಗೆ. ಕಡೆಯ ಗೇರಿನಲ್ಲಿ ಒಂದು ತುಳಿತಕ್ಕೆ ಹೆಚ್ಚುಕಡಿಮೆ ಒಂದೇ ಸುತ್ತು. ಕೂತೇ ಏರು ಹತ್ತಬಹುದು.

"ಇದರ ಮೇಲೂ ಗೇರು ಇದಾವಂತಲ್ಲ, ಕರೆಂಟಿನಲ್ಲಿ ಬದಲಾಗೋವು?"

"ಇದಾವೆ. ಟಿಯಾಗ್ರಾ, 105, ಅಲ್ಟೆಗ್ರಾ, ಡ್ಯುರಾ ಏಸ್ ಅಂತ ಮೇಲಕ್ಕೆ ಹೋಗುತ್ತೆ. ಮೇಲೆ ಹೋದಷ್ಟು ತೂಕ ಕಡಿಮೆ, ಬೆಲೆ ಜಾಸ್ತಿ. ದೊಡ್ಡ ರೇಸಿನ ಸೈಕಲ್ಲು 6.8 ಕಿಲೋಗಿಂತ ಕಡಿಮೆ ಇರಬಾರದು ಅಂತ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ ನಿಯಮವೇ ಇದೆ. ಜನ ಅದಕ್ಕಿಂತ ಹಗುರ ಮಾಡೋಕೆ ಹೊರಟಿದ್ರು."

"ನಂದು ಇಪ್ಪತ್ತು ಕಿಲೋ."

"ನಂದು ಹತ್ತು. ಆದ್ರೆ ಮಾವ, ಸಮತಟ್ಟು ರಸ್ತೇಲಿ ತೂಕ ಅಷ್ಟು ಕಾಡಲ್ಲ. ಕಾಡೋದು ಗಾಳಿ. ಇಪ್ಪತ್ತರಿಂದ ಮೂವತ್ತಕ್ಕೆ ವೇಗ ಏರಿಸಿದ್ರೆ ಗಾಳಿಯ ತಡೆ ಎರಡೂಕಾಲು ಪಟ್ಟಾಗುತ್ತೆ. ಬಾಗಿ ಕೂರೋದು ಅದಕ್ಕೇ, ಶೋಕಿಗಲ್ಲ."

ಗಾಳಿಯ ಪಾಠ ಮಾವನಿಗೆ ಯಾರೂ ಹೇಳಬೇಕಾಗಿಲ್ಲ. ಆಷಾಢದಲ್ಲಿ ಪಡುಗಾಳಿ ಬೀಸುವಾಗ ದಾವಣಗೆರೆಯಿಂದ ಜಗಳೂರಿಗೆ ಹೋಗುವವನನ್ನು ಗಾಳಿಯೇ ನೂಕಿಕೊಂಡು ಹೋಗುತ್ತದೆ. ವಾಪಸು ಬರುವಾಗ ಪೆಡಲ್ ಬಿಟ್ಟರೆ ಸೈಕಲ್ಲು ನಿಂತೇ ಹೋಗುತ್ತದೆ. ಅದಕ್ಕೇ ಆ ಕಾಲದಲ್ಲಿ ಇಬ್ಬರು ಮೂವರು ಸೇರಿ ಸಂತೆಗೆ ಹೋಗುತ್ತಿದ್ದರು. ಬರುವಾಗ ಒಬ್ಬರ ಹಿಂದೆ ಒಬ್ಬರು, ಮುಂದಿನವನಿಗೆ ಸುಸ್ತಾದರೆ ಅವನು ಪಕ್ಕಕ್ಕೆ ಸರಿದು ಕೊನೆಗೆ ಬರುವುದು. "ಗಾಳಿಮರೆ" ಎಂದರು ಅವರು. ಬೆಂಗಳೂರಿನ ಕ್ಲಬ್ಬುಗಳಲ್ಲಿ ಡ್ರಾಫ್ಟಿಂಗ್ ಎಂದು ಹೇಳಿಕೊಡುವುದು ಇದನ್ನೇ. ಹಿಂದಿರುವವನಿಗೆ ಶ್ರಮದಲ್ಲಿ ಕಾಲು ಭಾಗವಾದರೂ ಉಳಿತಾಯ. ಗಾಳಿಮರೆ ಎಂಬ ಮಾತು ನಮ್ಮಲ್ಲಿರುವಾಗ ಬೇರೆ ಹೆಸರೇಕೆ ಬೇಕು?

ಗಾಳಿಮರೆಗೆ ತನ್ನದೇ ಮರ್ಯಾದೆಗಳಿವೆ. ಮುಂದಿನ ಚಕ್ರವನ್ನು ಮುಂದಿನವರ ಹಿಂದಿನ ಚಕ್ರದ ಪಕ್ಕಕ್ಕೆ ಸೇರಿಸಬಾರದು. ಅವರು ಒಂದು ಗೇಣು ಸರಿದರೂ ಬೀಳುವವರು ನಾವು. ಹೇಳದೆ ಬ್ರೇಕು ಹಿಡಿಯಬಾರದು. ಗುಂಡಿ ಬಂದರೆ ಮುಂದಿರುವವರು ಕೈ ಕೆಳಗೆ ಮಾಡಿ ತೋರಿಸಬೇಕು, ಆ ಸನ್ನೆ ಕೊನೆಯವರ ತನಕ ದಾಟಬೇಕು. ಉಗುಳಬೇಕಿದ್ದರೆ ಗುಂಪಿನ ಕೊನೆಗೆ ಹೋಗಿ. ಅಪರಿಚಿತರ ಬೆನ್ನಿಗೆ ಹೇಳದೆ ಕೇಳದೆ ಅಂಟಿಕೊಂಡು ಮೈಲಿಗಟ್ಟಲೆ ಬರುವುದು ಸಭ್ಯತೆಯಲ್ಲ. "ಹಿಂದೆ ಇದೀನಿ" ಎಂದು ಒಂದು ಮಾತು ಹೇಳಿದರೆ ಸಾಕು.

"ಇವೆಲ್ಲ ನಿಮ್ಮ ನಿಮ್ಮೊಳಗಿನ ಮರ್ಯಾದೆ. ರಸ್ತೇಲಿ ನೀವಷ್ಟೇ ಇರಲ್ಲವಲ್ಲ" ಎಂದರು ಮಾವ. ದನಿಯಲ್ಲಿ ಸ್ವಲ್ಪ ಬಿರುಸಿತ್ತು. "ಮೊನ್ನೆ ಹತ್ತು ಹನ್ನೆರಡು ಜನ ಹೋದ್ರು. ಮೂರು ಮೂರು ಜನ ಅಕ್ಕಪಕ್ಕ, ರಸ್ತೆ ತುಂಬ. ಒಬ್ಬರ ಸೈಕಲ್ಲಿಗೂ ಬೆಲ್ಲಿಲ್ಲ. ಕುರಿ ಹೊಡ್ಕೊಂಡು ಬರ್ತಿದ್ದ ಹುಡುಗನಿಗೆ 'ಸೈಡ್, ಸೈಡ್' ಅಂತ ಕೂಗಿದ್ರು. ಕುರಿಗೆ ಏನು ಗೊತ್ತು ಸೈಡು?"

"ಅದು ತಪ್ಪು ಮಾವ. ಒಪ್ತೀನಿ."

ನಿಜವಾಗಿಯೂ ತಪ್ಪು. ಬೆಲ್ಲಿನ ತೂಕ ಐವತ್ತು ಗ್ರಾಂ ಕೂಡ ಬರಲಿಕ್ಕಿಲ್ಲ. ಸೈಕಲ್ಲು ಹಗುರವಾಗಲಿ ಎಂದು ಅದನ್ನು ಕಿತ್ತೊಗೆಯುವುದಕ್ಕೆ ಯಾವ ಸಮರ್ಥನೆಯೂ ಇಲ್ಲ. ಫೆಬ್ರವರಿಯಲ್ಲಿ ಸೇವಾಲಾಲರ ಜಯಂತಿಯ ಹೊತ್ತಿಗೆ ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪಕ್ಕೆ ಲಂಬಾಣಿ ಭಕ್ತರು ದೂರದೂರದಿಂದ ನಡೆದು ಬರುತ್ತಾರೆ. ರಾತ್ರಿಯಿಡೀ ನಡೆದು ಕಾಲು ಸೋತವರು ಅವರು. ಅಂಥವರ ಬೆನ್ನಹಿಂದೆ ಸದ್ದಿಲ್ಲದೆ ಮೂವತ್ತರ ವೇಗದಲ್ಲಿ ಬರುವುದೂ ತಪ್ಪು, ಹತ್ತಿರ ಬಂದು ಕಿರುಚುವುದೂ ತಪ್ಪು. ದೂರದಿಂದಲೇ ಎರಡು ಸಲ ಬೆಲ್ಲು, ಆಮೇಲೆ ಕಾಲುನಡಿಗೆಯ ವೇಗ. ಕೊಂಡುಕುರಿಗಾಗಿ 2011ರಲ್ಲಿ ಅಭಯಾರಣ್ಯವೆಂದು ಘೋಷಣೆಯಾದ ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ ಕಡೆ ಹೋಗುವವರು ಹ್ಯಾಂಡಲ್ಲಿಗೆ ಸ್ಪೀಕರ್ ಕಟ್ಟಿಕೊಂಡು ಹಾಡು ಹಾಕುವುದನ್ನಂತೂ ನಿಲ್ಲಿಸಲೇಬೇಕು.

ಸೊಸೆ ಒಪ್ಪದ ವಿಷಯವೂ ಒಂದಿತ್ತು. ಹೋದ ವರ್ಷ ಇದೇ ದಿನಗಳಲ್ಲಿ ಜಗಳೂರು ಕಡೆಯ ರಸ್ತೆಯಲ್ಲಿ ಅವಳು ಬಿದ್ದಿದ್ದಳು. ರಸ್ತೆಯ ಅರ್ಧಕ್ಕೆ ಮೆಕ್ಕೆಜೋಳ ಹರವಿದ್ದರು. ಎದುರಿಂದ ಲಾರಿ ಬಂತು, ಅವಳು ಎಡಕ್ಕೆ ಎಳೆದಳು, ಕಾಳಿನ ಮೇಲೆ ಚಕ್ರ ಹತ್ತಿತು. ಒಣಗಿದ ಮೆಕ್ಕೆಜೋಳ ಟೈರಿನ ಕೆಳಗೆ ಬೇರಿಂಗ್ ಗುಂಡಿನ ಹಾಗೆ ಉರುಳುತ್ತದೆ. ಮೊಣಕೈಯ ಗಾಯದ ಗುರುತು ಇನ್ನೂ ಇದೆ.

"ರಸ್ತೆ ಇರೋದು ಕಾಳು ಒಣಗಿಸೋಕಲ್ಲ ಮಾವ. ಜೀವ ಹೋಗುತ್ತೆ. ಬೈಕಿನವರು ಎಷ್ಟು ಜನ ಬೀಳ್ತಾರೆ!"

"ಎಲ್ಲಿ ಹರವಬೇಕು ಹೇಳು. ಮೊದ್ಲು ಪ್ರತಿ ಹೊಲಕ್ಕೂ ಕಣ ಇತ್ತು. ಸಗಣಿ ಸಾರಿಸಿ, ಮೇಟಿ ನೆಟ್ಟು ಒಕ್ಕಣೆ ಮಾಡ್ತಿದ್ರು. ಈಗ ಕಣದ ಜಾಗಕ್ಕೂ ಬಿತ್ತಿದ್ದಾರೆ. ಮಳೆ ಮೋಡ ಕಟ್ಟಿದ್ರೆ ಮೂರು ತಿಂಗಳ ದುಡಿಮೆ ಬೂಸ್ಟು ಹಿಡಿಯುತ್ತೆ. ಟಾರು ರಸ್ತೆ ಒಂದೇ ಬಿಸಿಯಾಗಿರೋ ನೆಲ."

"ಹಾಗಂತ?"

"ಹಾಗಂತ ಸರಿ ಅಂತ ನಾನು ಹೇಳ್ತಿಲ್ಲ."

ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಾದರು. ಈ ಜಗಳಕ್ಕೆ ಸುಲಭದ ತೀರ್ಮಾನವಿಲ್ಲ. ಜಗಳೂರಿನಲ್ಲಿ ಮೆಕ್ಕೆಜೋಳ, ಹೊನ್ನಾಳಿಯಲ್ಲಿ ಭತ್ತ. ಒಣಗಿಸುವ ಅಂಗಳ ಊರೂರಿಗೂ ಆಗುವ ತನಕ ರೈತ ರಸ್ತೆಗೇ ಬರುತ್ತಾನೆ. ಚನ್ನಗಿರಿಯದು ಇನ್ನೊಂದು ಬಗೆ. ತುಮ್ಕೋಸ್‌ನಂಥ ಅಡಿಕೆ ಸಹಕಾರ ಸಂಘ ಇರುವ ಊರು ಅದು. ಕೊಯ್ಲಿನ ದಿನಗಳಲ್ಲಿ ಸುಲಿದ ಸಿಪ್ಪೆಯ ರಾಶಿ ರಸ್ತೆಯ ಪಕ್ಕ ಬಿದ್ದಿರುತ್ತದೆ, ಬೆಂಕಿ ಹಚ್ಚಿದರೆ ಹೊಗೆ ರಸ್ತೆಗೆ ಅಡ್ಡ ನಿಲ್ಲುತ್ತದೆ. ಬೆಳಗಿನ ಮಂಜಿನ ಜೊತೆ ಆ ಹೊಗೆ ಸೇರಿದರೆ ಎದುರಿನ ಟ್ರ್ಯಾಕ್ಟರು ಹತ್ತು ಮಾರು ದೂರಕ್ಕೂ ಕಾಣದು. ಇಂಥ ಕಡೆ ಹಿಂದೆ ಮುಂದೆ ಲೈಟು ಹಗಲಿನಲ್ಲೂ ಉರಿಯುತ್ತಿರಬೇಕು. ಸೊಸೆಯ ಸೈಕಲ್ಲಿನಲ್ಲಿ ಕೆಂಪು ದೀಪ ಮಿಣುಕುತ್ತಲೇ ಇತ್ತು.

"ಕಾಳಿಗಿಂತ ಕಲ್ಲು ಅಪಾಯ" ಎಂದು ಮಾವನೇ ಮತ್ತೆ ಮಾತು ತೆಗೆದರು. ಕಾಳಿನ ಮೇಲೆ ಗಾಡಿ ಹತ್ತದಿರಲಿ ಎಂದು ಸುತ್ತ ಸಾಲಾಗಿ ಕಲ್ಲಿಡುತ್ತಾರೆ. ಸಂಜೆ ಕಾಳು ಬಾಚಿಕೊಂಡು ಹೋಗುವಾಗ ಕಲ್ಲು ಅಲ್ಲೇ ಉಳಿಯುತ್ತದೆ. ಕತ್ತಲಲ್ಲಿ ಬರುವವನಿಗೆ ಅದು ಕಾಣುವುದಿಲ್ಲ. ಮಾವ ಇವತ್ತು ಬರುವಾಗಲೂ ಎರಡು ಕಡೆ ಇಳಿದು ಹದಿನಾಲ್ಕು ಕಲ್ಲು ಪಕ್ಕಕ್ಕೆ ಹಾಕಿ ಬಂದಿದ್ದರು. ಎಣಿಸುವುದು ಅವರ ಅಭ್ಯಾಸ. ಸೈಕಲ್ ಸವಾರರ ಮರ್ಯಾದೆಗಳ ಪಟ್ಟಿಯಲ್ಲಿ ಎಲ್ಲೂ ಬರೆಯದ ಈ ಕೆಲಸವನ್ನು ಮೊದಲನೆಯದಾಗಿ ಬರೆಯಬೇಕು.

ಮಾತು ಬ್ರೇಕಿಗೆ ಹೊರಳಿತು. ನ್ಯಾಮತಿಯ ಮಳೆಯಲ್ಲಿ ರಾಡ್ ಬ್ರೇಕು ಹಿಡಿದರೆ ಒದ್ದೆಯಾದ ಸ್ಟೀಲ್ ರಿಮ್ಮಿನ ಮೇಲೆ ರಬ್ಬರು ಜಾರುತ್ತದೆ. ಸೈಕಲ್ಲು ತನಗೆ ಮನಸ್ಸು ಬಂದಾಗ ನಿಲ್ಲುತ್ತದೆ. ಸೊಸೆಗೆ ಅದು ಚೆನ್ನಾಗಿ ನೆನಪಿದೆ. ರಾಜ್ಯ ಸರ್ಕಾರ 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಶುರುಮಾಡಿತು. ಮೊದಲ ವರ್ಷಗಳಲ್ಲಿ ಸೈಕಲ್ ಪಡೆದ ಹುಡುಗಿಯರಲ್ಲಿ ಅವಳೂ ಒಬ್ಬಳು.

"ಜೋಡಿಸಿ ಕೊಟ್ಟಾಗ ನಟ್ಟೆಲ್ಲ ಸಡಿಲ ಇತ್ತು. ಅಪ್ಪ ನಿಮ್ಮ ಹತ್ರ ಕಳಿಸಿದ್ರು, ನೆನಪಿದೆಯಾ?"

"ಬಸ್ಸಿನ ಮೇಲೆ ಹಾಕಿ ಕಳಿಸಿದ್ದ. ಪೂರ್ತಿ ಬಿಚ್ಚಿ, ಗ್ರೀಸ್ ತುಂಬಿ, ಬೆಂಡು ತೆಗೆದು ಕೊಟ್ಟೆ."

"ಅಲ್ಲೀವರೆಗೆ ಹೈಸ್ಕೂಲಿಗೆ ಹೋಗೋಕೆ ಅಣ್ಣನ ಹಿಂದೆ ಕ್ಯಾರಿಯರ್ ಮೇಲೆ ಕೂರಬೇಕಿತ್ತು. ಅವನು ರಜಾ ಹಾಕಿದ್ರೆ ನನಗೂ ರಜಾ. ಸೈಕಲ್ ಬಂದ ಮೇಲೆ ನಾವು ಏಳು ಜನ ಹುಡುಗೀರು ಸಾಲಾಗಿ ಹೋಗ್ತಿದ್ವಿ. ನಾನು ಮೊದಲು ಗುಂಪಿನಲ್ಲಿ ತುಳಿದಿದ್ದು ಬೆಂಗಳೂರಲ್ಲಲ್ಲ ಮಾವ, ಅಲ್ಲಿ."

ಆ ಯೋಜನೆ ಕೋವಿಡ್ ಬಂದ ಮೇಲೆ ನಿಂತುಹೋಯಿ‌ತು. ದೇಶದ ಸೈಕಲ್ ಉದ್ಯಮಕ್ಕೂ ಆ ವರ್ಷ ಒಳ್ಳೆಯದಾಗಿರಲಿಲ್ಲ. 1951ರಲ್ಲಿ ಶುರುವಾದ ಅಟ್ಲಾಸ್ ತನ್ನ ಕೊನೆಯ ದೊಡ್ಡ ಕಾರ್ಖಾನೆಯ ಕೆಲಸ ನಿಲ್ಲಿಸಿದ್ದು 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ. ಒಂದು ಕಡೆ ಹಳ್ಳಿಯ ಹುಡುಗಿಯ ಕೈಯಿಂದ ಸೈಕಲ್ಲು ಜಾರಿತು, ಇನ್ನೊಂದು ಕಡೆ ನಗರದಲ್ಲಿ ಲಕ್ಷ ರೂಪಾಯಿಯ ಸೈಕಲ್ಲಿಗೆ ಗಿರಾಕಿ ಹೆಚ್ಚಿದರು. ಹವ್ಯಾಸಿಗಳ ಸಂಖ್ಯೆ ಬೆಳೆದದ್ದನ್ನು ಕಂಡು ಸಂತೋಷಪಡುವಾಗ ಈ ನಷ್ಟವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಯಾಕೆಂದರೆ ಕರ್ನಾಟಕದ ಸೈಕಲ್ ಪಟುಗಳನ್ನು ಕೊಟ್ಟದ್ದು ಹೆಚ್ಚಾಗಿ ವಿಜಯಪುರ, ಬಾಗಲಕೋಟೆ ಸೀಮೆಯ ಹಳ್ಳಿಗಳು. ಸಾದಾ ಸೈಕಲ್ಲಿನಲ್ಲಿ ಶಾಲೆಗೆ ಹೋಗುತ್ತಿದ್ದ ಮಕ್ಕಳು ವಿಜಯಪುರದ ಕ್ರೀಡಾ ವಸತಿನಿಲಯದಂಥ ಕಡೆ ಪಳಗಿ ದೇಶದ ಮಟ್ಟಕ್ಕೆ ಹೋದರು.

ಚಕ್ರ ಮತ್ತೆ ಸೈಕಲ್ಲಿಗೆ ಸೇರಿತು. ಮಾವ ಅದನ್ನು ಒಮ್ಮೆ ತಿರುಗಿಸಿ, ಕಣ್ಣು ಕಿರಿದು ಮಾಡಿ, ರಿಮ್ಮು ಅತ್ತಿತ್ತ ಆಡುತ್ತದೆಯೇ ನೋಡಿದರು. ಎರಡು ಕಡ್ಡಿಗಳನ್ನು ಬೆರಳಿನಿಂದ ಮೀಟಿ ಅವುಗಳ ನಾದ ಕೇಳಿದರು. "ಇದೊಂದು ಸಡಿಲ" ಎಂದು ಕೀಲಿ ಹಾಕಿ ಕಾಲು ಸುತ್ತು ಬಿಗಿ ಮಾಡಿ, ಮತ್ತೆ ಮೀಟಿದರು. ಈಗ ಎರಡೂ ಒಂದೇ ಸ್ವರ.

ಸೊಸೆ ಹೆಲ್ಮೆಟ್ ಎತ್ತಿಕೊಂಡಳು.

"ನಲವತ್ತು ವರ್ಷ ನಾನು ಒಂದಿನಾನೂ ಅದನ್ನ ಹಾಕಿಲ್ಲ" ಎಂದರು ಮಾವ.

"ದೊಡ್ಡ ರೇಸಿನವರೂ ಬಹಳ ದಿನ ಹಾಕಿರಲಿಲ್ಲ. 2003ರಲ್ಲಿ ಪ್ಯಾರಿಸ್‌–ನೀಸ್ ರೇಸಿನಲ್ಲಿ ಕಿವಿಲೆವ್ ಅನ್ನೋ ಕಜಕಸ್ತಾನದ ಸವಾರ ಬಿದ್ದು ತಲೆಗೆ ಪೆಟ್ಟಾಗಿ ತೀರಿಕೊಂಡ್ರು. ಆಮೇಲೆ ಕಡ್ಡಾಯ ಆಯ್ತು. ಮೆಕ್ಕೆಜೋಳದ ಮೇಲೆ ನಾನು ಬಿದ್ದಾಗ ಮೊಣಕೈ ಮಾತ್ರ ಹೋಯ್ತು ಅಂತ ನೀವು ಅಂದುಕೊಂಡಿದ್ದೀರಿ. ಹೆಲ್ಮೆಟ್ಟು ಸೀಳಿತ್ತು. ಅಮ್ಮನಿಗೆ ಹೇಳಿಲ್ಲ."

ಮಾವ ಏನೂ ಅನ್ನಲಿಲ್ಲ. ಹೆಲ್ಮೆಟ್ಟನ್ನು ಅವಳ ಕೈಯಿಂದ ತೆಗೆದುಕೊಂಡು ಒಳಗೆ ಹೊರಗೆ ತಿರುಗಿಸಿ ನೋಡಿದರು.

ಸ್ವಲ್ಪ ಹೊತ್ತಿನ ಮೇಲೆ ಅವರು ಕೇಳಿದ್ದು ಬೇರೆಯದೇ. "ನೀನು ಬೆಂಗಳೂರಲ್ಲಿ ಮಾಡಿದ್ಯಲ್ಲ, ಇನ್ನೂರು ಕಿಲೋಮೀಟರಿಂದು. ಅದು ರೇಸಾ?"

"ಬ್ರೆವೆ. ರೇಸಲ್ಲ. ಮೊದಲು ಬಂದವರು, ಕೊನೆಗೆ ಬಂದವರು ಅಂತ ಸ್ಥಾನ ಇಲ್ಲ. ಹದಿಮೂರೂವರೆ ಗಂಟೆಯೊಳಗೆ ಇನ್ನೂರು ಕಿಲೋಮೀಟರು ಮುಗಿಸಬೇಕು. ದಾರೀಲಿ ಅಲ್ಲಲ್ಲಿ ಕಾರ್ಡಿಗೆ ಗುರುತು ಹಾಕಿಸ್ಕೋಬೇಕು. ಪಂಚರ್ ಆದ್ರೆ ನಾವೇ ಹಾಕ್ಕೋಬೇಕು, ಹಿಂದೆ ಕಾರು ಬರೋ ಹಾಗಿಲ್ಲ. ಆಮೇಲೆ ಮುನ್ನೂರು, ನಾನೂರು, ಆರುನೂರು. ಒಂದೇ ಋತುವಿನಲ್ಲಿ ನಾಲ್ಕೂ ಮುಗಿಸಿದ್ರೆ ಸೂಪರ್ ರಾಂಡನರ್ ಅಂತಾರೆ. ಪ್ಯಾರಿಸ್ಸಿನಿಂದ ಬ್ರೆಸ್ಟ್‌ಗೆ ಹೋಗಿ ವಾಪಸು ಬರೋದೊಂದಿದೆ, ನಾಲ್ಕು ವರ್ಷಕ್ಕೊಮ್ಮೆ. 1,200 ಕಿಲೋಮೀಟರು, ತೊಂಬತ್ತು ಗಂಟೆ. 1891ರಲ್ಲಿ ಶುರುವಾಗಿದ್ದು. ನಮ್ಮವರೂ ಹೋಗಿಬರ್ತಾರೆ."

"ತೊಂಬತ್ತು ಗಂಟೆ!" ಮಾವನ ಕಣ್ಣು ಅರಳಿತು. "ನಾನು ಚಿಕ್ಕವನಿದ್ದಾಗ ಊರ ಬಯಲಲ್ಲಿ ಒಬ್ಬ ಬರ್ತಿದ್ದ. ಏಳು ದಿನ ಸೈಕಲ್ಲಿಂದ ಇಳೀತಿರಲಿಲ್ಲ. ಸೈಕಲ್ ಮೇಲೇ ಸ್ನಾನ, ಸೈಕಲ್ ಮೇಲೇ ಊಟ. ರಾತ್ರಿ ಮೈಕಿನಲ್ಲಿ ಹಾಡು ಹಾಕಿ ಟ್ಯೂಬ್‌ಲೈಟು ಒಡ್ಕೊಳ್ತಿದ್ದ. ನಾವು ಜೋಳ, ದುಡ್ಡು ಕೊಡ್ತಿದ್ವಿ. ಅವನ ಸೈಕಲ್ಲಿನ ಬೇರಿಂಗು ಹೋದಾಗ ನಮ್ಮ ಯಜಮಾನ್ರು, ಆಮೇಲೆ ನಾನು ಕೆಲಸ ಕಲಿತ ಶಾಪಿನವ್ರು, ಪಕ್ಕದಲ್ಲೇ ಓಡ್ತಾ ಓಡ್ತಾ ಎಣ್ಣೆ ಬಿಟ್ಟಿದ್ರು. ನಾನು ಸೈಕಲ್ ಕೆಲಸಕ್ಕೇ ನಿಂತಿದ್ದು ಅದನ್ನ ನೋಡಿ."

ಸೊಸೆಗೆ ಈ ಕಥೆ ಹೊಸದು. ಇಪ್ಪತ್ತು ವರ್ಷ ಅವರ ಜೊತೆ ಸೈಕಲ್ಲಿನ ಮಾತಾಡಿದ್ದರೂ ಅವರು ಹೇಳಿರಲಿಲ್ಲ.

ಮಾವ ಬೆರಳು ಮಡಚಿ ಲೆಕ್ಕ ಹಾಕಿದರು. ಹದಿಮೂರೂವರೆ ಗಂಟೆಗೆ ಇನ್ನೂರು. ಗಂಟೆಗೆ ಹದಿನೈದಕ್ಕೆ ಒಂಚೂರು ಕಡಿಮೆ. ಚನ್ನಗಿರಿಯಿಂದ ಇಲ್ಲಿಗೆ ಬರುವಾಗ ಅವರು ಅಷ್ಟು ತುಳಿದೇ ಇದ್ದರು, ನಡುವೆ ಕಲ್ಲು ಎತ್ತಿ ಹಾಕಲು ಇಳಿದದ್ದೂ ಸೇರಿ.

"ಈ ಹರ್ಕ್ಯುಲಿಸ್ಸಿಗೆ ಬಿಡ್ತಾರಾ?"

"ಬಿಡ್ತಾರೆ. ಮನುಷ್ಯ ತುಳಿದು ಓಡಿಸೋ ಯಾವ ಗಾಡಿ ಆದ್ರೂ ಆಗುತ್ತೆ. ಆದ್ರೆ ಹಿಂದೆ ಮುಂದೆ ಲೈಟು ಬೇಕು, ರಾತ್ರಿ ಹೊಳೆಯೋ ಜಾಕೆಟ್ ಬೇಕು. ಹೆಲ್ಮೆಟ್ಟೂ ಬೇಕು."

ಮಾವ ಟವೆಲ್ಲನ್ನು ತಲೆಗೆ ಬಿಗಿಯಾಗಿ ಸುತ್ತಿ, ಅದರ ಮೇಲೆ ಅವಳ ಹೆಲ್ಮೆಟ್ಟು ಇಟ್ಟು ನೋಡಿದರು. ಕೂರಲಿಲ್ಲ. ಟವೆಲ್ಲು ಬಿಚ್ಚಿ ಹೆಗಲಿಗೆ ಹಾಕಿ ಮತ್ತೆ ಇಟ್ಟರು. ಸೊಸೆ ಗದ್ದದ ಕೆಳಗೆ ಪಟ್ಟಿ ಎಳೆದು ಎರಡು ಬೆರಳು ಹಿಡಿಸುವಷ್ಟು ಜಾಗ ಬಿಟ್ಟು ಸಿಕ್ಕಿಸಿದಳು.

"ಡೈನಮೋ ಐತೆ" ಎಂದರು ಮಾವ, ಹೆಲ್ಮೆಟ್ಟು ತೆಗೆಯದೆಯೇ ಹರ್ಕ್ಯುಲಿಸ್ಸಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು. "ಬಲ್ಬು ಹೊಸದು ಹಾಕಬೇಕು. ಹಿಂದಿನ ದೀಪದ ವೈರು ಎಲ್ಲೋ ಕಟ್ಟಾಗಿದೆ. ಹಿಡ್ಕೊ ಇಲ್ಲಿ, ನೋಡಾಣ."